ಚೀಟಿಯ ವಚನ, ಭಾನುವಾರದ ಒಡಂಬಡಿಕೆ: ನನ್ನ ಅನುಭವ

ನಮ್ಮ ಮನೆಗೆ ವರ್ಷದಲ್ಲಿ ಮೂರು ಸಲ ಹೊಸ ವರ್ಷ ಬರುತ್ತದೆ. ನಮ್ಮ ಕ್ರೈಸ್ತ ಸಭೆಯ ಲೆಕ್ಕದಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕನೆಯ ಭಾನುವಾರವೇ ವರ್ಷ ಶುರುವಾಗಿರುತ್ತದೆ. ಕರ್ತನ ಮೇಜಿನ ಮೇಲೆ ನೇರಳೆ ಬಟ್ಟೆ ಬಿತ್ತೆಂದರೆ ಕ್ರಿಸ್ತನ ಬರುವಿಕೆಗೆ ಕಾಯುವ ಆಗಮನ ಕಾಲ ಬಂತು ಅಂತ. ಆಮೇಲೆ ಊರಿಗೆಲ್ಲ ಗೊತ್ತಿರುವ ಜನವರಿ ಒಂದು. ಪಕ್ಕದ ಮನೆಯವರು ಬೇವು ಬೆಲ್ಲ, ಹೋಳಿಗೆ ಕೊಟ್ಟು ಕಳಿಸಿದಾಗ ಮೂರನೆಯದು. ಹೈಸ್ಕೂಲ್ ಟೀಚರ್ ಆಗಿದ್ದಷ್ಟು ಕಾಲ ಜೂನ್ ತಿಂಗಳೂ ಒಂದು ಹೊಸ ವರ್ಷವೇ ಆಗಿತ್ತು, ಹೊಸ ಹಾಜರಿ ಪುಸ್ತಕದ ವಾಸನೆಯ ಸಮೇತ. ಆದರೆ ನನ್ನ ವರ್ಷ ನಿಜವಾಗಿ ಮಗ್ಗುಲು ಬದಲಿಸುವುದು ಇವ್ಯಾವುದರಲ್ಲೂ ಅಲ್ಲ. ಜನವರಿಯ ಮೊದಲ ಭಾನುವಾರ ನಡೆಯುವ, ದೇವರಿಗೆ ನಮ್ಮನ್ನು ಹೊಸದಾಗಿ ಒಪ್ಪಿಸಿಕೊಳ್ಳುವ ಒಡಂಬಡಿಕೆಯ ಆರಾಧನೆಯಲ್ಲಿ. ಡಿಸೆಂಬರ್ 31ರ ರಾತ್ರಿ ಕಾಲಿಡಲು ಜಾಗ ಇಲ್ಲದ ನಮ್ಮ ದೇವಾಲಯದಲ್ಲಿ ಆ ಭಾನುವಾರ ಅರ್ಧ ಬೆಂಚು ಖಾಲಿ ಇರುತ್ತವೆ. ನೆಂಟರು, ಪಿಕ್‌ನಿಕ್ಕು, ಸುಸ್ತು. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ನನ್ನ ತಯಾರಿ ಕ್ರಿಸ್‌ಮಸ್ ಮುಗಿದ ಮಾರನೇ ದಿನದಿಂದ. ಡಬ್ಬಿಗಳಲ್ಲಿ ಕಜ್ಜಾಯ, ರೋಸ್ ಕುಕ್ಕೀಸ್ ಇನ್ನೂ ಉಳಿದಿರುತ್ತವೆ, ಮನೆ ಮಾತ್ರ ಖಾಲಿಯಾಗಿರುತ್ತದೆ. ಆಗ ಹಳೇ ಡೈರಿ ತೆಗೆದು ಕೂರುತ್ತೇನೆ. ಪ್ರಾರ್ಥನೆ ಆಮೇಲೆ, ಮೊದಲು ಬಾಕಿ. ಹಾಲಿನವರಿಗೆ ಎಷ್ಟು, ತಂಗಿಯ ಹತ್ತಿರ ತಂದ ದುಡ್ಡು ಎಷ್ಟು, ಯಾರ ಇಡ್ಲಿ ಪಾತ್ರೆ ನಮ್ಮ ಅಟ್ಟದ ಮೇಲಿದೆ, ಬರುತ್ತೇನೆ ಅಂತ ಹೇಳಿ ಹೋಗದೇ ಉಳಿದ ಮನೆಗಳು ಯಾವುವು. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಸರಳ: ಪ್ರೀತಿಯ ಸಾಲ ಒಂದು ಬಿಟ್ಟು ಬೇರೆ ಸಾಲ ಇಟ್ಟುಕೊಳ್ಳಬೇಡಿ. ನಾನು ಅದನ್ನು ಅಕ್ಷರಶಃ ತಗೊಳ್ಳುತ್ತೇನೆ. ಪಾತ್ರೆ ತೊಳೆದು, ಬರಿದಾಗಿ ಕೊಡಬಾರದೆಂದು ಒಳಗೆ ನಾಲ್ಕು ಕಜ್ಜಾಯ ಇಟ್ಟು ಮುಟ್ಟಿಸಿ ಬರುತ್ತೇನೆ. ನನ್ನ ಯಜಮಾನರು ಇದಕ್ಕೆ ‘ಆಡಿಟ್ ವಾರ’ ಅಂತ ಹೆಸರಿಟ್ಟಿದ್ದಾರೆ. ಇರಲಿ. ಕಾಣುವ ಬಾಕಿ ತೀರಿದ ಮೇಲೇ ಕಾಣದ ಬಾಕಿಗಳು ಎದ್ದು ಬರುವುದು, ಇದು ನಾನು ಕಂಡುಕೊಂಡಿದ್ದು.

ಇನ್ನು 31ರ ರಾತ್ರಿ. ವಾಚ್ ನೈಟ್ ಸರ್ವಿಸ್ ಅಂತಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ. ಹಿಂದೆ ಇಂಗ್ಲೆಂಡಿನ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿ ಕೆಲಸಗಾರರು ಶನಿವಾರ ರಾತ್ರಿಯನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವರು, ವಿಶ್ವಾಸಕ್ಕೆ ಬಂದ ಮೇಲೆ ಅದೇ ಹೊತ್ತನ್ನು ಪ್ರಾರ್ಥನೆಗೆ ತಿರುಗಿಸಿಕೊಂಡರಂತೆ. ಮೆಥೋಡಿಸ್ಟ್ ಪಂಥಕ್ಕೆ ಮೂಲವಾದ ಬೋಧಕ ಜಾನ್ ವೆಸ್ಲಿ ಅದನ್ನು ಮೆಚ್ಚಿ ಬೇರೆ ಕಡೆಗೂ ಹಬ್ಬಿಸಿದರು. ಹೊರಗೆ ಊರಿಗೆ ಊರೇ ಪಾರ್ಟಿಯಲ್ಲಿರುವಾಗ ಒಳಗೆ ಕೂತ ನಮಗೆ ಈ ಹುಟ್ಟಿನ ಕಥೆ ಚೆನ್ನಾಗಿ ಒಪ್ಪುತ್ತದೆ. ತೊಂಬತ್ತನೇ ಕೀರ್ತನೆ ಓದುತ್ತಾರೆ. ಆ ವರ್ಷ ಕರ್ತನಲ್ಲಿ ನಿದ್ರೆಹೋದವರ, ಅಂದರೆ ತೀರಿಕೊಂಡವರ, ಹೆಸರು ಓದುತ್ತಾರೆ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ದೀಪ ಆರಿಸಿ ಎಲ್ಲರೂ ಮೊಣಕಾಲೂರುತ್ತೇವೆ, ಗಂಟೆ ಹೊಡೆದ ಕೂಡಲೇ ಪಟಾಕಿಯ ಸದ್ದಿನ ನಡುವೆಯೇ ಕೈ ಕುಲುಕಾಟ, ಕೇಕು, ಕಾಫಿ. ಆ ರಾತ್ರಿಯ ಪ್ರಸಂಗಕ್ಕೆ ಅಯ್ಯನವರು (ನಮ್ಮ ಪಾದ್ರಿಗಳು) ಎಷ್ಟೋ ಸಲ ಲೂಕನ ಸುವಾರ್ತೆಯ ಅಂಜೂರದ ಮರವನ್ನು ತೆಗೆದುಕೊಂಡಿದ್ದಾರೆ. ಮೂರು ವರ್ಷ ಹಣ್ಣು ಕೊಡದ ಮರವನ್ನು ಕಡಿಯಬೇಕು ಅನ್ನುತ್ತಾನೆ ಯಜಮಾನ. ಈ ವರ್ಷ ಒಂದು ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ ತೋಟದವನು. ಮರ ಕೊನೆಗೆ ಹಣ್ಣು ಬಿಟ್ಟಿತೋ ಇಲ್ಲವೋ ಯೇಸು ಹೇಳಲೇ ಇಲ್ಲ. ಆ ಹೇಳದೇ ಬಿಟ್ಟದ್ದರಲ್ಲೇ ನಾವೆಲ್ಲ ಕೂತಿರುವುದು.

ಮನೆಗೆ ಹೊರಡುವ ಮುಂಚೆ ತಟ್ಟೆಯಲ್ಲಿ ವಾಗ್ದಾನದ ಚೀಟಿಗಳು. ಕಣ್ಣು ಮುಚ್ಚಿ ಒಂದು ಎತ್ತಬೇಕು, ಅದು ಆ ವರ್ಷದ ವಚನ. ಈ ಪದ್ಧತಿಯ ಬಗ್ಗೆ ನನಗೆ ಪ್ರೀತಿಯೂ ಇದೆ, ತಕರಾರೂ ಇದೆ. ಚೀಟಿಗಳಲ್ಲಿ ಯಾವತ್ತೂ ‘ನಿನ್ನ ಶಿಲುಬೆಯನ್ನು ಹೊತ್ತುಕೋ’ ಅನ್ನುವ ವಾಕ್ಯ ಬಂದಿದ್ದು ನಾನು ನೋಡಿಲ್ಲ. ಎಲ್ಲಾ ಆಶೀರ್ವಾದ, ಎಲ್ಲಾ ವೃದ್ಧಿ. ಹಾಗಂತ ಎತ್ತದೆ ಬರುವವಳೂ ಅಲ್ಲ ನಾನು. ನಾನು ಮಾಡುವುದಿಷ್ಟು: ಚೀಟಿಯನ್ನು ಡೈರಿಯ ಮೊದಲ ಪುಟಕ್ಕೆ ಅಂಟಿಸಿ, ಜನವರಿ ಪೂರ್ತಿ ಆ ವಚನ ಇರುವ ಇಡೀ ಅಧ್ಯಾಯ ಓದುತ್ತೇನೆ. ಇದನ್ನು ಯಾರು ಯಾರಿಗೆ ಹೇಳಿದ್ದು, ಯಾವ ಸ್ಥಿತಿಯಲ್ಲಿದ್ದವರಿಗೆ ಹೇಳಿದ್ದು ಅಂತ ಬದಿಯಲ್ಲಿ ಬರೆಯುತ್ತೇನೆ. ಪಾಠ ಮಾಡಿದ ಕೈ, ಸಂದರ್ಭ ಸಹಿತ ವಿವರಿಸಿ ಅನ್ನುವ ಪ್ರಶ್ನೆ ತಾನಾಗೇ ಬರುತ್ತದೆ.

ನಾನು ರಿಟೈರ್ ಆದ ವರ್ಷ ಕೈಗೆ ಬಂದದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಅಹಿತದವಲ್ಲ, ಹಿತದವು, ನಿಮಗೆ ಒಳ್ಳೆಯ ಗತಿ ಇದೆ ಅನ್ನುವ ಅರ್ಥದ ಮಾತು. ಎಲ್ಲರ ಮನೆಯ ಗೋಡೆಯ ಮೇಲೂ ಇರುವ ವಚನ. ಅಧ್ಯಾಯ ತೆರೆದರೆ ಅದೊಂದು ಕಾಗದ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಯೆರೂಸಲೇಮಿನಿಂದ ಪ್ರವಾದಿ ಬರೆದದ್ದು. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಅಂತ ಇದೆ. ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಹಿಂದಿರುಗುವುದೇ ಇಲ್ಲ. ಅಂಥವರಿಗೆ ಮೇಲಿನ ಸಾಲುಗಳಲ್ಲಿ ಏನು ಹೇಳಿದೆ? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಬೇಡದ ಜಾಗದಲ್ಲಿ ಬೇರು ಬಿಡಿ ಅಂತ. ಚೀಟಿಯಲ್ಲಿ ಇದ್ದದ್ದು ಸಿಹಿ, ಅಧ್ಯಾಯದಲ್ಲಿ ಇದ್ದದ್ದು ಕೆಲಸ. ಆ ಕೆಲಸದ ಭಾಗ ಸಿಕ್ಕಿದ್ದರಿಂದಲೇ ಭಾನುವಾರದ ಆರಾಧನೆಗೆ ನಾನು ಬೇರೆ ಮನಸ್ಸಿನಿಂದ ಹೋದೆ.

ಈ ಒಡಂಬಡಿಕೆಯ ಆರಾಧನೆ ನಮ್ಮ ಕಡೆಗೆ ವೆಸ್ಲಿಯ ಅನುಯಾಯಿಗಳ ವೆಸ್ಲಿಯನ್ ಮಿಶನ್ನಿನಿಂದ ಬಂದದ್ದು. ಮೈಸೂರು ಸೀಮೆಯಲ್ಲಿ ಅವರ ಕೆಲಸ ಹಳೆಯದು. ಗುಬ್ಬಿಯಲ್ಲಿ ಅವರ ಮಿಶನರಿ ಥಾಮಸ್ ಹಾಡ್ಸನ್ 1837ರಲ್ಲೇ ಇದ್ದರು. 1947ರ ಸೆಪ್ಟೆಂಬರ್ 27ರಂದು ನಮ್ಮ ದಕ್ಷಿಣ ಇಂಡಿಯಾ ಸಭೆ (ಸಿ.ಎಸ್.ಐ.) ಆದಾಗ ಆಂಗ್ಲಿಕನ್ನರು, ಮೆಥೋಡಿಸ್ಟರು, ಮಿಕ್ಕವರು ಒಂದಾದರು, ಒಬ್ಬೊಬ್ಬರು ತಂತಮ್ಮ ಮನೆಯ ಪಾತ್ರೆ ತಂದಂತೆ ತಮ್ಮ ಆರಾಧನೆಯನ್ನೂ ತಂದರು. ಇದರ ಮೂಲ ಇನ್ನೂ ಹಿಂದಿನದು. 1755ರ ಆಗಸ್ಟ್ 11ರ ಸಂಜೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ದೇವಾಲಯದಲ್ಲಿ ವೆಸ್ಲಿ ರಿಚರ್ಡ್ ಅಲೈನ್ ಎಂಬ ಪ್ಯೂರಿಟನ್ (ಇಂಗ್ಲೆಂಡಿನ ಹಳೇ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ) ಬೋಧಕರ ಮಾತುಗಳನ್ನು ಓದಿದರು. ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರು. ಜನವರಿಗೆ ಇದು ಗಂಟುಬಿದ್ದದ್ದು ಆಮೇಲೆ. ನನಗೆ ಹೆಚ್ಚು ಹಿಡಿಸುವುದು ಅದರ ಹಿಂದಿನ ದಿನಗಳು: ವೆಸ್ಲಿ ಹಲವು ಬೆಳಿಗ್ಗೆ ಕೂತು ಅದನ್ನು ವಿವರಿಸಿದರು, ಶುಕ್ರವಾರ ಎಷ್ಟೋ ಮಂದಿ ಉಪವಾಸ ಇದ್ದರು, ಆಮೇಲೆ ಸೋಮವಾರ ಒಡಂಬಡಿಕೆ. ಬಂದರು, ಓದಿದರು, ಹೋದರು ಅನ್ನುವ ಹಾಗಲ್ಲ.

ಪ್ರಾರ್ಥನೆಯ ಸಾರವನ್ನು ನನ್ನ ಮಾತಲ್ಲಿ ಹೇಳುವುದಾದರೆ: ನಾನಿನ್ನು ನನ್ನವಳಲ್ಲ, ನಿನ್ನವಳು. ನಿನಗೆ ಬೇಕಾದ ಕೆಲಸಕ್ಕೆ ಹಚ್ಚು, ನಿನಗೆ ಬೇಕಾದವರ ಜೊತೆ ನಿಲ್ಲಿಸು. ದುಡಿಸು, ಇಲ್ಲವೇ ಬಾಧೆಗೆ ಒಪ್ಪಿಸು. ಬಳಸಿಕೋ, ಇಲ್ಲವೇ ನಿನಗೋಸ್ಕರ ಬದಿಗಿರಿಸು. ಎತ್ತು, ತಗ್ಗಿಸು. ತುಂಬಿಸು, ಬರಿದು ಮಾಡು.

ಸರ್ಕಾರಿ ನೌಕರಿಯಲ್ಲಿದ್ದವರಿಗೆ ‘ನಿನಗೆ ಬೇಕಾದವರ ಜೊತೆ ನಿಲ್ಲಿಸು’ ಅನ್ನುವುದು ವರ್ಗಾವಣೆ ಆದೇಶದ ಹಾಗೇ ಕೇಳುತ್ತದೆ. ಆದರೆ ಅದು ನನಗೆ ನಿಜವಾಗಿ ಚುಚ್ಚಿದ್ದು ಸಭೆಯ ಒಳಗೆ. ಪಾಸ್ಟರೇಟ್ ಕಮಿಟಿ ಎಲೆಕ್ಷನ್ ಅಂದರೆ ಏನು ಅಂತ ಕ್ರೈಸ್ತರಾದ ಓದುಗರಿಗೆ ಹೇಳಬೇಕಾಗಿಲ್ಲ. ಉಳಿದವರು ತಮ್ಮೂರಿನ ಗ್ರಾಮ ಪಂಚಾಯಿತಿ ನೆನೆಸಿಕೊಂಡರೆ ಸಾಕು. ಒಂದು ವರ್ಷ ನಮ್ಮಲ್ಲಿ ಎರಡು ಗುಂಪಾಗಿ, ನಾನು ಮತ್ತು ಇನ್ನೊಬ್ಬ ಅಕ್ಕ ಎದುರುಬದುರಾದೆವು. ಸ್ತ್ರೀಯರ ಕೂಟದಲ್ಲಿ ಜೊತೆಗೆ ಹಾಡಿದವರು. ಅವರು ಗೆದ್ದರು, ಮಾತು ನಿಂತಿತು.

ಆ ಜನವರಿಯ ಒಡಂಬಡಿಕೆ ಭಾನುವಾರ ಜನ ಕಡಿಮೆ, ಹಾಗಾಗಿ ಅಯ್ಯನವರು ಎಲ್ಲರನ್ನೂ ಮುಂದಕ್ಕೆ ಕರೆದರು. ಖಾಲಿ ಇದ್ದದ್ದು ಅಕ್ಕನ ಪಕ್ಕದ ಜಾಗ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ನಮ್ಮ ಸಂಸ್ಕಾರದ ಆರಾಧನೆಯಲ್ಲಿ ಸಮಾಧಾನ ಕೊಡುವ ಕ್ರಮ ಒಂದಿದೆ. 1950ರ ಸುಮಾರಿಗೆ ನಮ್ಮ ಸಭೆಯ ಹೊಸ ಆರಾಧನಾ ಕ್ರಮ ಬಂದಾಗ ಸೇರಿದ್ದು, ಆಮೇಲೆ ಬೇರೆ ದೇಶದ ಸಭೆಗಳೂ ಇದನ್ನು ಗಮನಿಸಿದವು. ಒಬ್ಬರು ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿಯುತ್ತಾರೆ, ಇನ್ನೊಬ್ಬರು ಅದನ್ನು ತಮ್ಮ ಎರಡು ಅಂಗೈಗಳ ನಡುವೆ ತೆಗೆದುಕೊಳ್ಳುತ್ತಾರೆ. ಮೇಜಿನ ಹತ್ತಿರದಿಂದ ಹೊರಟು ಬೆಂಚಿನಿಂದ ಬೆಂಚಿಗೆ ಬರುತ್ತದೆ. ತಪ್ಪಿಸಿಕೊಳ್ಳಲು ದಾರಿ ಇಲ್ಲ. ಒಬ್ಬರು ತಡೆದರೆ ಹಿಂದಿನವರಿಗೆಲ್ಲ ನಿಂತುಹೋಗುತ್ತದೆ. ಅಕ್ಕನಿಗೆ ಬಂತು, ನನ್ನ ಕಡೆ ತಿರುಗಿದರು. ಕೈ ಜೋಡಿಸಿದೆ. ಬಿಗಿಯಾಗಿ ಹಿಡಿದರು, ಅವರ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. “ಟೀಚರಮ್ಮ, ನಮ್ಮನೆ ಇಡ್ಲಿ ಪಾತ್ರೆ ಕೊಟ್ಟಿರಲ್ಲ, ಕಜ್ಜಾಯ ಚೆನ್ನಾಗಿತ್ತು” ಅಂದರು, ಆರಾಧನೆಯ ನಡುವೆ, ಪಿಸುಮಾತಲ್ಲಿ. ನನಗೆ ನಗು ತಡೆಯಲಾಗಲಿಲ್ಲ.

ಅಲ್ಲಿಗೆ ಎಲ್ಲಾ ಸರಿಹೋಯಿತು ಅಂತಲ್ಲ. ಕಮಿಟಿಯ ಲೆಕ್ಕಪತ್ರದ ವಿಚಾರದಲ್ಲಿ ನನ್ನ ಅಭಿಪ್ರಾಯ ಇವತ್ತಿಗೂ ಅದೇ, ಅವರದ್ದೂ ಅದೇ. ಆದರೆ ಬಲಿಪೀಠದ ಹತ್ತಿರ ಕಾಣಿಕೆ ತರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅನ್ನುತ್ತಾನೆ ಯೇಸು, ಮತ್ತಾಯ 5ರಲ್ಲಿ. ನಿನ್ನ ಅಭಿಪ್ರಾಯ ಬದಲಿಸು ಅಂತ ಅಲ್ಲಿ ಹೇಳಿಲ್ಲ. ಆ ವರ್ಷದ ಸುಗ್ಗಿ ಹಬ್ಬದ ಕಾಣಿಕೆ ಹರಾಜಿಗೆ ರಸೀದಿ ಬರೆಯಲು ಇಬ್ಬರೂ ಒಂದೇ ಮೇಜಿಗೆ ಕೂತೆವು. ಕುಂಬಳಕಾಯಿಗೆ ಏರಿದ ಬೆಲೆ ನೋಡಿ ಇಬ್ಬರೂ ಬಾಯಿ ಮೇಲೆ ಕೈ ಇಟ್ಟುಕೊಂಡೆವು. ಅಷ್ಟು ಸಾಕಿತ್ತು.

‘ಬದಿಗಿರಿಸು’ ಅನ್ನುವ ಸಾಲಿನದು ಬೇರೆ ಕಥೆ. ನೌಕರಿಯಲ್ಲಿದ್ದಾಗ ಅದು ನಾಲಿಗೆಯ ಮೇಲೆ ಹಾಗೇ ಜಾರಿಹೋಗುತ್ತಿತ್ತು. ಅರವತ್ತಾದ ತಿಂಗಳ ಕೊನೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟು ಬೀಳ್ಕೊಟ್ಟರು. (ಹೊತ್ತಿಗೆ ಸರಿಯಾಗಿ ಎಲ್ಲೂ ಹೋಗಬೇಕಾಗಿಲ್ಲದವರಿಗೇ ಗಡಿಯಾರ ಯಾಕೆ ಕೊಡುತ್ತಾರೋ.) ಮುಂದಿನ ಜನವರಿಯಲ್ಲಿ ಆ ಸಾಲು ಬಂದಾಗ ನನ್ನ ಬಾಯಿ ಕಟ್ಟಿತು. ಹಿಂದಿನಿಂದ ಬೇರೆಯವರ ಧ್ವನಿ ಮುಂದಕ್ಕೆ ಹೋಗುತ್ತಿತ್ತು. ನಾನು ಒಂದು ಸಾಲು ತಡವಾಗಿ ಹೇಳಿ ಅವರನ್ನು ಸೇರಿಕೊಂಡೆ. ಒಬ್ಬಳೇ ಮನೆಯಲ್ಲಿ ಓದಿದ್ದರೆ ಪುಸ್ತಕ ಮುಚ್ಚಿಟ್ಟು ಎದ್ದುಬಿಡುತ್ತಿದ್ದೆನೇನೋ. ಹೊಸ ವರ್ಷದ ಸಂಕಲ್ಪಕ್ಕೂ ಇದಕ್ಕೂ ನನಗೆ ಕಂಡ ವ್ಯತ್ಯಾಸ ಇಲ್ಲಿದೆ. ಸಂಕಲ್ಪ ನಾನು ಮಾಡುವುದು, ನನ್ನ ಬಲ ಇರುವಷ್ಟು ದಿನ. ಒಡಂಬಡಿಕೆಯಲ್ಲಿ ಮೊದಲ ಮಾತು ನನ್ನದಲ್ಲ. ಅದಕ್ಕೇ ಆವತ್ತು ಯೆರೆಮೀಯ 31, ಯೋಹಾನ 15 ಓದುವುದು. ಧರ್ಮಶಾಸ್ತ್ರವನ್ನು ಅವರ ಹೃದಯದಲ್ಲಿ ಬರೆಯುವೆನು ಅನ್ನುವವನು ಆತ, ನೀವು ಕೊಂಬೆಗಳು ನಾನು ಬಳ್ಳಿ ಅನ್ನುವವನೂ ಆತ. ಕೊಂಬೆ ಜನವರಿ ಒಂದಕ್ಕೆ ಹಣ್ಣು ಬಿಡುತ್ತೇನೆ ಅಂತ ಪ್ರಮಾಣ ಮಾಡಬೇಕಾಗಿಲ್ಲ. ಅಂಟಿಕೊಂಡಿರಬೇಕು.

ಬದಿಗಿರಿಸಿದ ಮೇಲೆ ಏನಾಯಿತು ಅಂದರೆ, ಒಂದು ಖಾಸಗಿ ಶಾಲೆಯವರು ಕರೆದರು. ಒಪ್ಪಲಿಲ್ಲ. ಅದೇ ಫೆಬ್ರವರಿಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅಲ್ಲಿಂದ ನನ್ನ ಟೈಮ್‌ಟೇಬಲ್ ಬೇರೆಯೇ ಆಯಿತು: ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಬೆನ್ನು ಒರೆಸಿ ಪೌಡರ್ ಹಾಕಬೇಕು, ಗಂಜಿ ಚಮಚದಲ್ಲಿ ಕುಡಿಸಬೇಕು. ಗಡಿಯಾರ ಆಗ ಉಪಯೋಗಕ್ಕೆ ಬಂತು. ಕ್ಲಾಸಿನಲ್ಲಿ ಅರವತ್ತು ಜನ ಎದ್ದು ನಿಂತು ನಮಸ್ತೆ ಹೇಳುತ್ತಿದ್ದರು. ಇಲ್ಲಿ ಒಬ್ಬರು, ಅವರೂ ಸಿಟ್ಟಿನಲ್ಲಿ, “ಸೂಜಿ ಚುಚ್ಚಿದ ಹಾಗೆ ಹಿಡೀತೀಯಲ್ಲೇ” ಅನ್ನುತ್ತಿದ್ದರು. ಬಾಬೆಲಿನಲ್ಲಿ ತೋಟ ಮಾಡಿ ಅಂತ ಬರೆದ ಕಾಗದ ಡೈರಿಯಲ್ಲೇ ಇತ್ತು. ಕೋಣೆಯ ಕಿಟಕಿಯ ಹೊರಗೆ ಕುಂಡಗಳಲ್ಲಿ ಮೆಂತ್ಯ, ದಂಟು ಹಾಕಿದೆ. ಅತ್ತೆಗೆ ಮಲಗಿದಲ್ಲಿಂದಲೇ ಕಾಣಲಿ ಅಂತ. ಸೊಪ್ಪಿನ ಬಗ್ಗೆ ಮಾತ್ರ ಅವರಿಂದ ಒಂದು ದೂರೂ ಬರಲಿಲ್ಲ.

ಇದನ್ನು ಮಾಡಿ ನೋಡಬೇಕು ಅನ್ನುವವರಿಗೆ ನನ್ನ ಸಲಹೆ ಎರಡೇ. ಪ್ರಾರ್ಥನೆಯ ಪಾಠವನ್ನು ಒಂದು ವಾರ ಮುಂಚೆಯೇ ಅಯ್ಯನವರಿಂದ ಇಸ್ಕೊಂಡು ಮನೆಯಲ್ಲಿ ಓದಿ, ಯಾವ ಸಾಲಿನಲ್ಲಿ ಗಂಟಲು ಕಟ್ಟುತ್ತದೆ ಅಂತ ಗುರುತು ಹಾಕಿಕೊಳ್ಳಿ. ಆ ಸಾಲಿನ ಬಗ್ಗೆ ಮಾತ್ರ ಆ ವಾರ ಪ್ರಾರ್ಥಿಸಿ, ಉಳಿದದ್ದು ಇರಲಿ. ಇನ್ನೊಂದು, ಬರೆದು ರುಜು ಹಾಕಿ. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಸಹಿ ಮಾಡಿ ದೇವರ ಮುಂದೆ ಇಡಿ ಅನ್ನುವುದು ಆ ಹಳೇ ಪ್ಯೂರಿಟನ್ ಕಾಲದ ಕಿವಿಮಾತು. ನಾನು ಡೈರಿಯಲ್ಲಿ ಚೀಟಿಯ ಕೆಳಗೆ ಬರೆದು, ಹಾಜರಿ ಪುಸ್ತಕಕ್ಕೆ ಹಾಕುತ್ತಿದ್ದ ಅದೇ ಚಿಕ್ಕ ರುಜು ಹಾಕಿ ತಾರೀಕು ನಮೂದಿಸುತ್ತೇನೆ. ಮೇ, ಜೂನ್ ಹೊತ್ತಿಗೆ ಎಲ್ಲಾ ಮರೆತುಹೋಗಿರುತ್ತದೆ, ಆಗ ಪುಟ ತಿರುವಿದರೆ ರುಜು ನನ್ನದೇ ಅಂತ ಗೊತ್ತಾಗುತ್ತದೆ. ನಮ್ಮ ಯಜಮಾನರೂ ಈಗ ಎರಡು ವರ್ಷದಿಂದ ಹಾಕುತ್ತಿದ್ದಾರೆ, ನನ್ನ ಡೈರಿಯಲ್ಲೇ, ನನ್ನ ರುಜುವಿನ ಕೆಳಗೆ. ಬೇರೆ ಡೈರಿ ತಗೊಳ್ಳಿ ಅಂದರೆ ಕೇಳುವುದಿಲ್ಲ.