ಹಳೆಯ ಜೀಪಿನ ಹೆಡ್‌ಲೈಟಿಗೆ ರಿಲೇ ವೈರಿಂಗ್

ಜುಲೈ ತಿಂಗಳಲ್ಲಿ ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುವವರು ಸಂಜೆ ಐದೂವರೆಗೇ ದೀಪ ಹಾಕಬೇಕಾಗುತ್ತದೆ. ಮೇಲೆ ಮರಗಳ ಚಪ್ಪರ, ಎದುರಿಗೆ ಮಂಜು, ಕೆಳಗೆ ನೀರು ಹರಿಯುವ ಡಾಂಬರು. ಒದ್ದೆಯಾದ ಡಾಂಬರು ಬೆಳಕನ್ನು ಮುಂದಕ್ಕೇ ಜಾರಿಸಿಬಿಡುವುದರಿಂದ ನಮ್ಮ ಕಣ್ಣಿಗೆ ಮರಳುವುದು ಅಲ್ಪ. ನನ್ನ ಹಳೆಯ ಜೀಪಿನ ಹೆಡ್‌ಲೈಟುಗಳು ಇಂಥ ಹೊತ್ತಿನಲ್ಲಿ ಚಿಮಣಿ ಬುಡ್ಡಿಯಂತೆ ಹಳದಿಯಾಗಿ ಉರಿಯುತ್ತಿದ್ದವು. ಅಂಗಡಿಯವರೊಬ್ಬರ ಮಾತು ಕೇಳಿ 100/90 ವ್ಯಾಟಿನ (ಬ್ರೈಟಿಗೆ 100, ಡಿಮ್ಮಿಗೆ 90) ಬಲ್ಬ್ ಹಾಕಿಸಿದೆ. ತಿಂಗಳೊಳಗೆ ಪ್ಲಾಸ್ಟಿಕ್ ಹೋಲ್ಡರ್ ಕಂದಿ, ಕರಗಿ, ಬಲ್ಬಿನ ಕಾಲಿಗೆ ಅಂಟಿಕೊಂಡಿತ್ತು. ದೋಷ ಬಲ್ಬಿನಲ್ಲಿರಲಿಲ್ಲ, ಬಲ್ಬಿಗೆ ಕರೆಂಟು ಬರುವ ದಾರಿಯಲ್ಲಿತ್ತು.

ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಮ್-ಬ್ರೈಟ್ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಬಂದು ದೀಪ ಸೇರುತ್ತದೆ. 60/55 ವ್ಯಾಟಿನ ಎರಡು ಎಚ್4 ಬಲ್ಬುಗಳು (ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಮೂರು ಕಾಲಿನ ಹ್ಯಾಲೊಜೆನ್ ಬಲ್ಬು) ಬ್ರೈಟಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಇಷ್ಟು ಕರೆಂಟು 5 ಮೀಟರ್ ಹರಿದರೆ ತಂತಿಯೊಂದರಲ್ಲಿಯೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಸವೆದ ಸ್ವಿಚ್ಚು, ಹಸಿರುಗಟ್ಟಿದ ಟರ್ಮಿನಲ್ಲು, ತುಕ್ಕು ಹಿಡಿದ ಬಾಡಿ ಅರ್ಥ್ (ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ತಿನ್ನುವುದು ಬೇರೆ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಹೆಚ್ಚು ವ್ಯಾಟಿನ ಬಲ್ಬ್ ಇನ್ನೂ ಹೆಚ್ಚು ಕರೆಂಟು ಎಳೆಯುವುದರಿಂದ ಅದೇ ದಾರಿಯಲ್ಲಿ ನಷ್ಟವೂ ಬಿಸಿಯೂ ಏರುತ್ತವೆಯೇ ಹೊರತು ರಸ್ತೆಗೆ ಬೀಳುವ ಬೆಳಕು ಖರ್ಚಿಗೆ ತಕ್ಕಂತೆ ಏರುವುದಿಲ್ಲ. ಎದುರಿನವರ ಕಣ್ಣು ಕುಕ್ಕುವುದಂತೂ ಖಂಡಿತ.

ಆದ್ದರಿಂದ ಸಾಮಾನು ಕೊಳ್ಳುವ ಮೊದಲು ಅಳೆಯಬೇಕು. ಇಂಜಿನ್ ಚಾಲೂ ಇಟ್ಟು, ದೀಪ ಹಾಕಿ, ಮಲ್ಟಿಮೀಟರಿನಿಂದ ಬ್ಯಾಟರಿಯ ಎರಡು ತುದಿಗಳ ವೋಲ್ಟೇಜನ್ನೂ, ಬಲ್ಬು ಹೋಲ್ಡರಿನಲ್ಲಿ ಕೂತಿರುವಾಗಲೇ ಅದರ ಕಾಲುಗಳ ನಡುವಿನ ವೋಲ್ಟೇಜನ್ನೂ ನೋಡಬೇಕು. ಬಲ್ಬು ತೆಗೆದು ಬರಿಯ ಹೋಲ್ಡರಿನಲ್ಲಿ ಅಳೆದರೆ ಕರೆಂಟೇ ಹರಿಯದ ಕಾರಣ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ನನ್ನ ಜೀಪಿನಲ್ಲಿ ಬ್ಯಾಟರಿಯ ಬಳಿ 13.8, ಬಲ್ಬಿನ ಬಳಿ 11.9 ಇತ್ತು, ಅಂದರೆ ಸಿಗಬೇಕಾದ ಬೆಳಕಿನಲ್ಲಿ ಸುಮಾರು ನೂರಕ್ಕೆ ಅರವತ್ತು ಮಾತ್ರ ಸಿಗುತ್ತಿತ್ತು. ನಿಮ್ಮ ಗಾಡಿಯಲ್ಲಿ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಕಡಿಮೆಯಿದ್ದರೆ ಈ ಕೆಲಸ ಬೇಡ. ಗಾಜು ಮತ್ತು ರಿಫ್ಲೆಕ್ಟರಿನ ಸ್ಥಿತಿ ನೋಡಿ. ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಕಾರುಗಳಿಗೂ ಈ ವಿಧಾನ ಹೊಂದುವುದಿಲ್ಲ.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್ಚು. ಅದನ್ನು ಎಳೆದು ಮುಚ್ಚುವ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಎಳೆಯುವ ಕರೆಂಟು ಒಂದು ಆಂಪಿಯರಿನ ಐದನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಹೀಗಾಗಿ ಹಳೆಯ ತಂತಿ, ಹಳೆಯ ಸ್ವಿಚ್ಚು ಸುಮ್ಮನೆ ಆಜ್ಞೆ ಕೊಡುವ ಕೆಲಸಕ್ಕೆ ಉಳಿದು, ಬಲ್ಬಿನ ಕರೆಂಟು ಬ್ಯಾಟರಿಯಿಂದ ನೇರವಾಗಿ ಹತ್ತಿರದ ದಾರಿಯಲ್ಲಿ ಬರುತ್ತದೆ. ಬೇಕಾಗುವುದು ಡಿಮ್ಮಿಗೊಂದು ಬ್ರೈಟಿಗೊಂದು ಎಂದು 12 ವೋಲ್ಟ್, 30 ಅಥವಾ 40 ಆಂಪಿಯರಿನ ನಾಲ್ಕು ಕಾಲಿನ ಎರಡು ರಿಲೇ, 15 ಆಂಪಿಯರಿನ ಎರಡು ಫ್ಯೂಸು ಹೋಲ್ಡರ್ ಸಮೇತ, ಎರಡು ಸೆರಾಮಿಕ್ ಬಲ್ಬ್ ಹೋಲ್ಡರ್, 2.5 ಮತ್ತು 1.5 ಚದರ ಮಿಲಿಮೀಟರಿನ ಆಟೋ ವೈರು, ಥಿಂಬಲ್‌ಗಳು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುದಿಗಳು), ಹೀಟ್ ಶ್ರಿಂಕ್ ಸ್ಲೀವು (ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ ಕೊಳವೆ). ರಿಲೇಯ ಕಾಲುಗಳನ್ನು ಸಂಖ್ಯೆಯಿಂದ ಗುರುತಿಸುತ್ತಾರೆ: 30 ಬ್ಯಾಟರಿಯ ಕರೆಂಟು ಒಳಬರುವ ಕಾಲು, 87 ಅದು ದೀಪಕ್ಕೆ ಹೊರಡುವ ಕಾಲು, 85 ಮತ್ತು 86 ಕಾಯಿಲಿನ ಎರಡು ತುದಿಗಳು. ಐದು ಕಾಲಿನ ರಿಲೇ ಸಿಕ್ಕರೆ ನಡುವಿನ 87ಎ ಕಾಲಿಗೆ ಏನನ್ನೂ ಜೋಡಿಸಬಾರದು. ಸ್ವಿಚ್ಚು ಆರಿಸಿದಾಗ ಕರೆಂಟು ಬರುವುದು ಅದರಲ್ಲಿಯೇ. ಎರಡು ಫ್ಯೂಸು ಏಕೆ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಆಗುಂಬೆಯ ಹದಿನಾಲ್ಕು ತಿರುವುಗಳ ಯಾವುದಾದರೊಂದರಲ್ಲಿ ಒಂದು ಫ್ಯೂಸು ಹೋದರೆ ಇನ್ನೊಂದರ ಬೆಳಕಿನಲ್ಲಿ ಗಾಡಿಯನ್ನು ಬದಿಗೆ ತರಬಹುದು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ರಿಲೇಗಳನ್ನು ಇಂಜಿನ್ನಿನ ಬಿಸಿ ತಟ್ಟದ, ಗಾಲಿಯ ಕೆಸರು ಹಾರದ ಎತ್ತರದ ಜಾಗದಲ್ಲಿ ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಬೇಕು. ವೈರು ರಿಲೇಗಿಂತ ಕೆಳಗೆ ಒಂದು ಗೇಣು ಜೋತುಬಿದ್ದು ಆಮೇಲೆ ಮೇಲೇರಲಿ. ಹರಿದು ಬಂದ ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದೊಂದು ರಿಲೇಯ 30ನೆಯ ಕಾಲಿಗೆ 2.5ರ ವೈರು ಹೋಗಬೇಕು, ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ಫ್ಯೂಸಿಗಿಂತ ಹಿಂದಿನ ತಂತಿ ಉಜ್ಜಿ ಬಾಡಿಗೆ ತಾಗಿದರೆ ಕಾಯುವವರು ಯಾರೂ ಇಲ್ಲ. 87ನೆಯ ಕಾಲಿನಿಂದ ಎರಡೂ ಬಲ್ಬುಗಳಿಗೆ 1.5ರ ವೈರು. ಹಳೆಯ ಎಡ ಹೋಲ್ಡರಿನ ಡಿಮ್ ತಂತಿ ಒಂದು ರಿಲೇಯ 86ಕ್ಕೆ, ಬ್ರೈಟ್ ತಂತಿ ಇನ್ನೊಂದರ 86ಕ್ಕೆ, ಎರಡರ 85 ಅರ್ಥಿಗೆ. ಬಲ ಹೋಲ್ಡರನ್ನು ಟೇಪು ಸುತ್ತಿ ಬಿಟ್ಟುಬಿಡಿ.

ಯಾವುದು ಡಿಮ್, ಯಾವುದು ಬ್ರೈಟ್ ಎಂಬುದನ್ನು ಬಣ್ಣ ನೋಡಿ ನಂಬಬೇಡಿ. ನೆಗೆಟಿವ್ ಜೋಡಿಸಿಕೊಂಡು, ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕಳಚಿದ ಹೋಲ್ಡರಿನ ಮೂರೂ ಕಿಂಡಿಗಳನ್ನು ಡಿಮ್ಮಿನಲ್ಲಿ ಒಮ್ಮೆ, ಬ್ರೈಟಿನಲ್ಲಿ ಒಮ್ಮೆ ಪರೀಕ್ಷಿಸಿ. ಡಿಮ್ಮಿನಲ್ಲಿ ಒಂದು, ಬ್ರೈಟಿನಲ್ಲಿ ಇನ್ನೊಂದು ಕಿಂಡಿ 12 ವೋಲ್ಟ್ ತೋರಿಸಿದರೆ ಮೇಲೆ ಹೇಳಿದ ಜೋಡಣೆ ಸರಿ. ಎರಡೂ ಬಾರಿ ಒಂದೇ ಕಿಂಡಿಯಲ್ಲಿ 12 ವೋಲ್ಟ್ ಬಂದರೆ ಆ ಗಾಡಿಯ ಸ್ವಿಚ್ಚು ನೆಗೆಟಿವ್ ಬದಿಯಲ್ಲಿದೆ ಎಂದು ಅರ್ಥ. ಆಗ ಆ ತಂತಿಯನ್ನು ಎರಡೂ ರಿಲೇಗಳ 86ಕ್ಕೆ ಕೊಟ್ಟು, ಉಳಿದ ಎರಡನ್ನು ಒಂದೊಂದು ರಿಲೇಯ 85ಕ್ಕೆ ಕೊಡಬೇಕು. 85ನ್ನು ಅರ್ಥಿಗೆ ಜೋಡಿಸಬಾರದು.

ಅರ್ಥಿನ ವಿಷಯದಲ್ಲಿ ಹೆಚ್ಚಿನವರು ಜಾರುತ್ತಾರೆ. ಪಾಸಿಟಿವ್ ಬದಿಗೆ ಎಷ್ಟೇ ದಪ್ಪ ತಂತಿ ಎಳೆದರೂ ಮರಳುವ ದಾರಿ ತುಕ್ಕಿನ ಬೋಲ್ಟಾಗಿದ್ದರೆ ಪ್ರಯೋಜನವಿಲ್ಲ. ಪ್ರತಿ ದೀಪಕ್ಕೂ ಹೊಸ ಅರ್ಥ್ ತಂತಿ ಎಳೆದು, ಬಾಡಿಯ ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಜೋಡಣೆಗಳನ್ನು ಸರಿಯಾದ ಕ್ರಿಂಪಿಂಗ್ ಪಕ್ಕಡದಿಂದ ಒತ್ತಿ ಸ್ಲೀವು ಹಾಕಿ. ತಂತಿ ತಿರುಚಿ ಟೇಪು ಸುತ್ತಿದ ಕೆಲಸ ನಮ್ಮ ಕಡೆಯ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆಮೀಟರ್ (ಬ್ಯಾಟರಿಗೆ ಹೋಗಿಬರುವ ಕರೆಂಟು ತೋರಿಸುವ ಮುಳ್ಳಿನ ಮೀಟರು) ಇರುವ ಹಳೆಯ ಜೀಪಿನಲ್ಲಿ ಹೀಗೆ ಬ್ಯಾಟರಿಯಿಂದ ನೇರ ಎಳೆದರೆ, ದೀಪ ಹಾಕಿದಾಗ ಮುಳ್ಳು ಚಾರ್ಜಿನ ಕಡೆಗೆ ವಾಲುತ್ತದೆ. ಅದು ದೀಪದ ಕರೆಂಟು, ಗಾಬರಿ ಬೇಡ.

ಕೆಲಸ ಮುಗಿದ ಮೇಲೆ ನನ್ನಲ್ಲಿ ಬಲ್ಬಿನ ಬಳಿ 13.5 ವೋಲ್ಟ್ ಬಂತು, ಬಲ್ಬು ಹಾಕಿದ್ದು ಮತ್ತೆ 60/55ರದ್ದೇ. ಹೆಚ್ಚಿದ ಬೆಳಕು ಎದುರಿನ ಬಸ್ಸಿನವರ ಮುಖಕ್ಕೆ ಹೋಗದಂತೆ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡಿಮ್ಮಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪು ಹೊಂದಿಸಿ. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬಿಳಿಯ ಗೋಡೆಯೇ ಎದುರಾಗುವುದು ಮೊದಲಿನಂತೆಯೇ. ಅಲ್ಲಿ ಡಿಮ್ಮೇ ಗತಿ.

ಗಾಡಿಯನ್ನು ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸುವವರು ಹೊಸ ವೈರುಗಳ ಮೇಲೆ ಸುರುಳಿ ಪೈಪು ಹಾಕಿ, ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಇಲಿಯ ಹಲ್ಲಿನ ಗುರುತು ನೋಡುತ್ತಿರಬೇಕು.