ಕಾಡಿನ ಅಣಬೆಯನ್ನು ಗುರುತಿಸುವುದು ಹೇಗೆ?

ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕಡೆ ಚಾರಣಕ್ಕೆ ಹೋಗಿಬಂದವರು ಅಣಬೆಯ ಚಿತ್ರ ತೋರಿಸಿ ‘ಇದು ಯಾವುದು?’ ಎಂದು ಕೇಳುವುದುಂಟು. ಆ ಚಿತ್ರಗಳಲ್ಲಿ ಬಹುಪಾಲು ಟೊಪ್ಪಿಯನ್ನು ಮೇಲಿನಿಂದ ತೆಗೆದಂಥವು. ಅಣಬೆಯ ಗುರುತು ಇರುವುದು ಟೊಪ್ಪಿಯ ಅಡಿಯಲ್ಲಿ ಮತ್ತು ಮಣ್ಣೊಳಗಿನ ಬುಡದಲ್ಲಿ. ಕಾಂಡವನ್ನು ಹಿಡಿದು ಚಿವುಟಿದರೆ ಮುಖ್ಯವಾದ ಸಾಕ್ಷ್ಯ ಮಣ್ಣಿನಲ್ಲೇ ಉಳಿದುಬಿಡುತ್ತದೆ.

ಕೀಳುವ ಮುನ್ನ ಜಾಗ ಯಾವುದೆಂದು ತಿಳಿದಿರಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೂಕಾಂಬಿಕಾ ಮತ್ತು ಸೋಮೇಶ್ವರ ವನ್ಯಜೀವಿಧಾಮಗಳಂಥ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ, ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ. ಅಲ್ಲಿ ಒಂದು ಪುಟ್ಟ ಕನ್ನಡಿಯನ್ನು ಟೊಪ್ಪಿಯ ಕೆಳಗೆ ಹಿಡಿದು ಅಡಿಭಾಗವನ್ನು ನೋಡಿ, ಚಿತ್ರ ತೆಗೆದುಕೊಂಡರೆ ಸಾಕು. ಕಿತ್ತು ನೋಡುವ ಅಭ್ಯಾಸವೆಲ್ಲ ಸ್ವಂತ ತೋಟದಲ್ಲಿ ಅಥವಾ ಮಾಲೀಕರು ಒಪ್ಪಿದ ಜಮೀನಿನಲ್ಲಿ ನಡೆಯಲಿ.

ಮೊದಲ ಹಂತ ಸುಲಭ. ಅಡಿಯಲ್ಲಿ ಕಿವಿರುಗಳಿವೆಯೋ (ಪುಸ್ತಕದ ಹಾಳೆಗಳಂತೆ ಸಾಲಾಗಿರುವ ತೆಳು ಪದರಗಳು), ಸಣ್ಣ ರಂಧ್ರಗಳಿವೆಯೋ, ಎರಡೂ ಇಲ್ಲವೋ ನೋಡಿ. ಒಣಮರದ ಮೇಲೆ ಬೀಸಣಿಗೆಯಂತೆ ಅಂಟಿಕೊಂಡು, ಮೇಲೆಲ್ಲ ಬಿಳಿ ರೋಮವಿದ್ದು, ಕಿವಿರಿನ ಅಂಚು ಉದ್ದಕ್ಕೆ ಸೀಳಿದ್ದರೆ ಅದು ಸ್ಕಿಜೋಫಿಲಮ್.

ಎರಡನೆಯದು ನೆಲೆ. ಮಣ್ಣಿನಲ್ಲಿ ಎದ್ದಂತೆ ಕಂಡರೂ ತರಗೆಲೆ ಸರಿಸಿ ನೋಡಿ, ಹೂತುಹೋದ ಕಟ್ಟಿಗೆಯಿಂದ ಎದ್ದಿರಬಹುದು. ಸುತ್ತಲಿನ ಮರಗಳನ್ನೂ ಬರೆದುಕೊಳ್ಳಿ. ಸಾಲುಧೂಪದಂಥ ಮರಗಳ ಬೇರಿನೊಡನೆ ಸಹಬಾಳ್ವೆ ನಡೆಸುವ ಶಿಲೀಂಧ್ರಗಳಿರುವುದರಿಂದ, ಅಂಥ ಮರದ ಬುಡದಲ್ಲಿ ರುಸುಲಾ, ಅಮಾನಿಟಾ ಕುಲಗಳನ್ನು ನಿರೀಕ್ಷಿಸಬಹುದು.

ಜನ ಎಡವುವುದು ಮೂರನೆಯ ಹಂತದಲ್ಲಿ, ಬುಡ ಬಿಡಿಸುವಾಗ. ಕಾಂಡದಿಂದ ಮೂರು ಬೆರಳಿನಷ್ಟು ದೂರದಲ್ಲಿ ಚಾಕುವನ್ನು ನೇರವಾಗಿ ಇಳಿಸಿ, ಸುತ್ತಲೂ ಮಣ್ಣು ಸಡಿಲಿಸಿ, ಅಣಬೆಯನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಆಮೇಲೆ ಮಣ್ಣನ್ನು ಬೆರಳಿನಿಂದ ನಿಧಾನವಾಗಿ ಉದುರಿಸಿ; ನೀರಿನಲ್ಲಿ ತೊಳೆಯಬೇಡಿ, ತೊಳೆದರೆ ತೆಳುವಾದ ಪೊರೆಗಳು ಹೋಗಿಬಿಡುತ್ತವೆ. ಹುತ್ತದ ಅಣಬೆಯಾದರೆ ಕಾಂಡ ಮುಗಿಯುವುದೇ ಇಲ್ಲವೆನಿಸುತ್ತದೆ: ಬೇರಿನಂಥ ಉದ್ದನೆಯ ಬಾಲ ಗೆದ್ದಲು ಗೂಡಿನವರೆಗೆ ಇಳಿದಿರುತ್ತದೆ, ಟೊಪ್ಪಿಯ ನಡುವೆ ಮೊನಚಾದ ಗುಬುಟಿರುತ್ತದೆ. ಅಮಾನಿಟಾ ಆದರೆ ಬುಡದ ಸುತ್ತ ಬಿಳಿಯ ಪೊರೆಯ ಚೀಲವೋ, ಉಬ್ಬಿದ ಗಡ್ಡೆಯ ಮೇಲೆ ಅದರ ಚೂರುಗಳೋ ಕಾಣುತ್ತವೆ. ಮನುಷ್ಯರನ್ನು ಕೊಲ್ಲುವ ಅಣಬೆಗಳಲ್ಲಿ ಮುಖ್ಯವಾದವು ಈ ಕುಲದಲ್ಲಿವೆ. ಟೊಪ್ಪಿಯ ಮೇಲಿನ ಚಿಕ್ಕೆಗಳನ್ನೂ ಕಾಂಡದ ಉಂಗುರವನ್ನೂ ಒಂದು ಜೋರು ಮಳೆ ಅಳಿಸಿಬಿಡುವುದರಿಂದ, ಅವು ಕಾಣಲಿಲ್ಲವೆಂದ ಮಾತ್ರಕ್ಕೆ ಅಮಾನಿಟಾ ಅಲ್ಲವೆಂದು ತೀರ್ಮಾನಿಸಬಾರದು.

ಇನ್ನೂ ಅರಳದ ದುಂಡನೆಯ ಅಣಬೆ ಸಿಕ್ಕರೆ ಮೇಲಿನಿಂದ ಕೆಳಕ್ಕೆ ಸರಿಯಾಗಿ ಎರಡು ಹೋಳು ಮಾಡಿ. ಒಳಗೆ ಟೊಪ್ಪಿ, ಕಿವಿರು, ಕಾಂಡಗಳ ಗೆರೆ ಮೂಡಿದ್ದರೆ ಅದು ಅಮಾನಿಟಾದ ಎಳೆಯ ಮೊಗ್ಗಾಗಿರಬಹುದು. ಕರಾವಳಿಯವರು ಇಷ್ಟಪಡುವ ಕಲ್ಲಣಬೆ ಎಳೆಯದಾಗಿದ್ದಾಗ ಒಳಗೆಲ್ಲ ಬಿಳಿ. ಅದನ್ನೇ ಹೋಲುವ, ತಿನ್ನಬಾರದ ಸ್ಕ್ಲೆರೋಡರ್ಮಾ ಬಲಿತಾಗ ಒಳಗೆ ನೇರಳೆಗಪ್ಪು. ಆದರೆ ತೀರ ಎಳೆಯ ಸ್ಕ್ಲೆರೋಡರ್ಮಾ ಕೂಡ ಬಿಳಿಯಾಗಿರಬಲ್ಲುದರಿಂದ ಈ ಒಂದೇ ಲಕ್ಷಣವನ್ನು ನಂಬಬೇಡಿ.

ಮನೆಗೆ ತರುವಾಗ ಪ್ಲಾಸ್ಟಿಕ್ ಚೀಲ ಬೇಡ. ಅದರೊಳಗೆ ಅಣಬೆ ಬೆವರಿ ಸಂಜೆಯೊಳಗೆ ಲೋಳೆಯಾಗುತ್ತದೆ. ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಒಂದೊಂದನ್ನೂ ಬೇರೆಯಾಗಿಡಿ.

ನಾಲ್ಕನೆಯದು ಬೀಜಕಣದ ಅಚ್ಚು, ಅಂದರೆ ಟೊಪ್ಪಿಯ ಅಡಿಯಿಂದ ಉದುರುವ ಪುಡಿಯಂಥ ಬೀಜಕಣಗಳು ಮೂಡಿಸುವ ಗುರುತು. ಇದನ್ನು ಬಿಟ್ಟು ಮಾಡಿದ ಗುರುತಿಸುವಿಕೆಯನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಅರಳಿದ, ಆದರೆ ಕೊಳೆಯಲು ಶುರುವಾಗದ ಟೊಪ್ಪಿಯನ್ನು ಆರಿಸಿ, ಕಾಂಡವನ್ನು ಕಿವಿರಿನ ಮಟ್ಟಕ್ಕೆ ಕತ್ತರಿಸಿ. ಮಳೆಯಲ್ಲಿ ತೊಯ್ದಿದ್ದರೆ ಮೊದಲು ಒಂದು ಗಂಟೆ ಕಾಗದದ ಮೇಲೆ ಆರಲು ಬಿಡಿ. ನಂತರ ಕಿವಿರು ಕೆಳಗೆ ಬರುವಂತೆ ಗಾಜಿನ ತುಂಡಿನ ಮೇಲಿಟ್ಟು, ಗಾಳಿಯಾಡದಂತೆ ಬಟ್ಟಲು ಕವುಚಿ, ರಾತ್ರಿಯಿಡೀ ಬಿಡಿ. ಅರ್ಧ ಕಪ್ಪು, ಅರ್ಧ ಬಿಳಿ ಕಾಗದ ಬಳಸಿ ಎಂದು ಹೇಳುವವರಿದ್ದಾರೆ, ಆದರೆ ಅಗ್ಗದ ಕಪ್ಪು ಕ್ರಾಫ್ಟ್ ಕಾಗದ ತೇವಕ್ಕೆ ಬಣ್ಣ ಬಿಟ್ಟು ಅಚ್ಚನ್ನೇ ಕೆಡಿಸುತ್ತದೆ. ಗಾಜಾದರೆ ಬೆಳಗ್ಗೆ ಅದರ ಕೆಳಗೆ ಮೊದಲು ಕಪ್ಪು, ಆಮೇಲೆ ಬಿಳಿ ಹಾಳೆಯನ್ನು ಸರಿಸಿ, ಹಗಲು ಬೆಳಕಿನಲ್ಲಿ ಬಣ್ಣ ನೋಡಬಹುದು.

ಅಮಾನಿಟಾದ ಅಚ್ಚು ಬಿಳಿ. ಹುತ್ತದ ಅಣಬೆಯದು ನಸುಗುಲಾಬಿ. ಅಗಾರಿಕಸ್ ಕುಲದ್ದು ಚಾಕೊಲೇಟಿನ ಕಂದು, ಕಾರ್ಟಿನೇರಿಯಸ್‌ನದು ತುಕ್ಕಿನ ಬಣ್ಣ. ಹಸಿರು ಬಂದರೆ ಅದು ಹುಲ್ಲುಹಾಸುಗಳಲ್ಲಿ ಏಳುವ, ವಾಂತಿಭೇದಿ ತರಿಸುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂದು ಶಂಕಿಸಬೇಕು. ಇದರ ಕಿವಿರು ಎಳೆಯದರಲ್ಲಿ ಬೆಳ್ಳಗಿರುವುದರಿಂದ, ಕಿವಿರಿನ ಬಣ್ಣವನ್ನೇ ಬೀಜಕಣದ ಬಣ್ಣವೆಂದುಕೊಂಡವರು ಮೋಸಹೋಗುತ್ತಾರೆ.

ಮೊಬೈಲ್ ಆ್ಯಪ್‌ಗಳು ಹುಡುಕಾಟಕ್ಕೆ ದಿಕ್ಕು ತೋರಿಸುತ್ತವೆ, ಅಷ್ಟೇ. ಜೀವಿಗಳ ಚಿತ್ರ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಗಳಲ್ಲಿ ಹಾಕುವುದಾದರೆ ಟೊಪ್ಪಿ, ಅಡಿಭಾಗ, ಬುಡ, ಅಚ್ಚು ಈ ನಾಲ್ಕೂ ಚಿತ್ರಗಳನ್ನು ಹಾಕಿ. ಹೆಸರು ಕುಲದ ಮಟ್ಟದಲ್ಲಿ ನಿಂತರೆ ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಪ್ರಭೇದ ಹೇಳಲು ಅನೇಕ ಬಾರಿ ಸೂಕ್ಷ್ಮದರ್ಶಕ ಬೇಕೇ ಬೇಕು.

ಈ ಹಂತಗಳನ್ನೆಲ್ಲ ಮುಗಿಸಿದ ಮೇಲೂ ಆ ಅಣಬೆಯನ್ನು ತಿನ್ನಬೇಡಿ. ಬೆಳ್ಳಿಯ ನಾಣ್ಯ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ತಿರುಗುವುದು, ಹುಳು ತಿಂದಿರುವುದು ಇವು ಯಾವುವೂ ಪರೀಕ್ಷೆಗಳಲ್ಲ. ಅಮಾನಿಟಾದ ಮಾರಕ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದು ಸಾಮಾನ್ಯವಾಗಿ 6ರಿಂದ 24 ಗಂಟೆಗಳ ನಂತರ ವಾಂತಿಭೇದಿ ಶುರುವಾಗಿ, ನಡುವೆ ವಾಸಿಯಾದಂತೆ ಕಂಡು, ಆಮೇಲೆ ಯಕೃತ್ತು ಸೋಲುತ್ತದೆ. ಯಾರಾದರೂ ತಿಂದಿದ್ದರೆ ಲಕ್ಷಣಕ್ಕೆ ಕಾಯದೆ, ವಾಂತಿ ನಿಂತಿತೆಂದು ಸುಮ್ಮನಾಗದೆ, ಉಳಿದ ಅಣಬೆಯನ್ನೂ ಹೆಚ್ಚಿ ಎಸೆದ ಬುಡದ ತುಂಡುಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ತಿಂದ ಹೊತ್ತನ್ನು ವೈದ್ಯರಿಗೆ ತಿಳಿಸಿ.