ಬ್ಯೂಟ್‌ನ ಸಲಿವನ್‌ಗೆ ಊರು ಹುಡುಕಿದ್ದು

ನಮ್ಮ ಸೊಸೆಯ ಮುತ್ತಜ್ಜ ಸಲಿವನ್ ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಪಟ್ಟಣದಲ್ಲಿ ತಾಮ್ರದ ಗಣಿಗೆ ಇಳಿಯುತ್ತಿದ್ದವನು. ಐರ್ಲೆಂಡಿನಿಂದ ಬಂದವನು ಅನ್ನುವುದು ಬಿಟ್ಟರೆ ಅವಳ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಪೌರತ್ವದ ಕಾಗದದಲ್ಲೂ ಅಷ್ಟೇ ಇತ್ತು. 1906ಕ್ಕೆ ಮುಂಚಿನ ಕಾಗದಗಳಲ್ಲಿ ಊರಿನ ಹೆಸರು ಸಿಗುವುದೇ ಅಪರೂಪ. ತಾಲ್ಲೂಕು ಕಚೇರಿಯಲ್ಲಿ ಪಹಣಿ, ಮ್ಯುಟೇಶನ್ ನೋಡುತ್ತಲೇ ನಿವೃತ್ತನಾದವನು ನಾನು. ಅವಳು ಕಡತ ತಂದು ಮುಂದಿಟ್ಟಾಗ ಬೇಡ ಅನ್ನಲಾಗಲಿಲ್ಲ.

ಐರ್ಲೆಂಡಿನ ಹಳೆಯ ದಾಖಲೆಗಳ ಪಾಡು ಹೇಳತೀರದು. 1922ರ ಜೂನ್‌ನಲ್ಲಿ ಅಂತರ್ಯುದ್ಧದ ಹೊಡೆದಾಟಕ್ಕೆ ಡಬ್ಲಿನ್‌ನ ದಾಖಲೆ ಭಂಡಾರ ಸುಟ್ಟುಹೋಗಿ, 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿಯಾಯಿತು. 1861ರಿಂದ 1891ರವರೆಗಿನ ನಾಲ್ಕನ್ನು ಸರ್ಕಾರವೇ ಅದಕ್ಕೆ ಮೊದಲು ನಾಶ ಮಾಡಿತ್ತು. ಪೂರ್ತಿ ಉಳಿದವು 1901 ಮತ್ತು 1911. ನಮ್ಮ ಸಲಿವನ್ ಹಡಗು ಹತ್ತಿದ್ದು 1880ರ ದಶಕದಲ್ಲಿ.

ಆದ್ದರಿಂದ ಅಮೆರಿಕದ ಕಾಗದಗಳನ್ನೇ ಮೊದಲು ಜಾಲಾಡಿದೆ. ಅವನ ಮರಣ ಪತ್ರದಲ್ಲಿ ತಾಯಿಯ ಹೆಸರಿನ ಕಡೆ 'ಗೊತ್ತಿಲ್ಲ' ಎಂದು ಬರೆದಿತ್ತು. ಅವನ ಬೆನ್ನು ಬಿಟ್ಟು ಸುತ್ತಲಿನವರನ್ನು ಹಿಡಿದೆ. 1900ರ ಗಣತಿಯಲ್ಲಿ ಅವನು ಬಾಡಿಗೆಗಿದ್ದ ಮನೆಯೊಡತಿ ಅವನ ಅಕ್ಕನೇ ಎಂದು ಅವಳ ನಿಧನ ವಾರ್ತೆಯಿಂದ ತಿಳಿಯಿತು. ಅದರಲ್ಲೇ ಊರೂ ಇತ್ತು: ಕಾರ್ಕ್ ಕೌಂಟಿಯ ಅಲಿಹೀಸ್. ಅವಳ ಮರಣ ಪತ್ರದಲ್ಲಿ ತಾಯಿಯ ತವರು ಮನೆತನ ಹ್ಯಾರಿಂಗ್ಟನ್.

ಅಲಿಹೀಸ್ ಎಂದಾಗ ಆಶ್ಚರ್ಯವಾಗಲಿಲ್ಲ. ಬೇರಾ ಪರ್ಯಾಯ ದ್ವೀಪದ ಆ ಊರಿನಲ್ಲಿ 1812ರಿಂದ ತಾಮ್ರದ ಗಣಿ ನಡೆದಿತ್ತು. ಅದು ಸೊರಗಿದಾಗ ಕೆಲಸ ಬಲ್ಲವರು ಮಿಷಿಗನ್‌ಗೆ, ಬ್ಯೂಟ್‌ಗೆ ಹೊರಟರು. ತೊಂದರೆ ಏನೆಂದರೆ, ಅಲ್ಲಿ ಸಲಿವನ್‌ಗಳೂ ಹ್ಯಾರಿಂಗ್ಟನ್‌ಗಳೂ ಬೀದಿ ತುಂಬ. ಇನ್ನೊಂದು ತೊಡಕು: ಊರು ಕಾರ್ಕ್‌ನದ್ದಾದರೂ ಚರ್ಚು ಕೆರ್ರಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಜ್ಞಾನಸ್ನಾನದ ವಹಿಯನ್ನು ಕೆರ್ರಿಯ ಕಡೆಯೇ ಹುಡುಕಬೇಕು. ಅದೃಷ್ಟಕ್ಕೆ ವಹಿಯಲ್ಲಿ ತಾಯಿಯ ತವರು ಮನೆತನ ಬರೆಯುವ ರೂಢಿ ಇತ್ತು. ಆದರೂ ಒಂದೇ ಹೆಸರಿನ ಹುಡುಗರು ಇಬ್ಬರು ಸಿಕ್ಕರು, ಇಬ್ಬರ ತಾಯಂದಿರೂ ಹ್ಯಾರಿಂಗ್ಟನ್! ಅಕ್ಕನ ಹೆಸರಿನ ಮಗಳು ಇದ್ದದ್ದು ಒಂದೇ ದಂಪತಿಗೆ. ಅಲ್ಲಿಗೆ ತೀರ್ಮಾನವಾಯಿತು.

ನನಗೆ ಖುಷಿ ಕೊಟ್ಟದ್ದು ಗ್ರಿಫಿತ್ ಮೌಲ್ಯಮಾಪನ. 1847ರಿಂದ 1864ರ ನಡುವೆ ಇಡೀ ಐರ್ಲೆಂಡಿನ ಜಮೀನು, ಮನೆ ಯಾರ ಸ್ವಾಧೀನದಲ್ಲಿವೆ, ಒಡೆಯ ಯಾರು ಎಂದು ತೆರಿಗೆಗಾಗಿ ಬರೆದದ್ದು. ಒಂದೇ ಹೆಸರಿನವರಿದ್ದರೆ ಪಕ್ಕದಲ್ಲಿ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಸೇರಿಸುತ್ತಿದ್ದರು. ನಮ್ಮ ಹಳ್ಳಿಯ ಕೆಂಚಪ್ಪನ ಮಗ ರಾಮಣ್ಣ, ಮೂಲೆಮನೆ ರಾಮಣ್ಣ ಇದ್ದಂತೆ. ಆಮೇಲಿನ ತಿದ್ದುಪಡಿ ಪುಸ್ತಕಗಳಂತೂ ನಮ್ಮ ಮ್ಯುಟೇಶನ್ ವಹಿಯ ಅಣ್ಣತಮ್ಮಂದಿರು. ಹಳೆಯ ಹೆಸರಿನ ಮೇಲೆ ಬಣ್ಣದ ಶಾಯಿಯ ಗೆರೆ, ಮೇಲೆ ಹೊಸ ಹೆಸರು, ಅಂಚಿನಲ್ಲಿ ಇಸವಿ. ಅಪ್ಪ ಸಲಿವನ್‌ನ ಹೆಸರು ಹೊಡೆದು ಅಲ್ಲಿ ಕಿರಿಯ ಮಗನ ಹೆಸರು ಬರೆದಿದ್ದರು. 1901ರ ಗಣತಿಯಲ್ಲಿ ಆ ಮಗ ಅದೇ ಜಾಗದಲ್ಲಿ ಸಂಸಾರ ಸಮೇತ ಇದ್ದಾನೆ. ಭಾಷೆಯ ಅಂಕಣದಲ್ಲಿ ಐರಿಷ್, ಇಂಗ್ಲಿಷ್ ಎರಡೂ.

ಇನ್ನೂ ಹಿಂದಕ್ಕೆ ಹೋಗಲು 1823ರಿಂದ 1837ರ ಟೈಥ್ (ಚರ್ಚಿಗೆ ಕೊಡಬೇಕಿದ್ದ ತೆರಿಗೆ) ಪುಸ್ತಕಗಳಿವೆ. ಅವುಗಳಲ್ಲಿ ಹೆಸರು, ಜಮೀನು ಬಿಟ್ಟರೆ ಮನೆಮಂದಿಯ ವಿವರವಿಲ್ಲ. ಸಲಿವನ್‌ಗಳ ಆ ಸಂತೆಯಲ್ಲಿ ಊಹೆಯ ಮೇಲೆ ಒಬ್ಬನನ್ನು ತಾತ ಮಾಡಲು ಮನಸ್ಸಾಗದೆ ವಂಶವೃಕ್ಷದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.